ಜೈಪುರದಲ್ಲಿ ಒಂದು ಸಂಕ್ರಾಂತಿ

ನನ್ನ ಗೆಳೆಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಆದರೆ ದಾವಣಗೆರೆಯಲ್ಲಿ ನಮಗೆಲ್ಲ ಅವನು ‘ಸೇಠ’. ಅವನ ತಂದೆ ರಾಜಸ್ಥಾನದಿಂದ ಬಂದು ನಮ್ಮೂರಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ನಾವಿಬ್ಬರೂ 1972ರಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಬಿಕಾಂ ಮುಗಿಸಿದೆವು. ನಾನು ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದೆ. ಅವನು ಕೆಲವು ವರ್ಷ ಅಪ್ಪನ ಅಂಗಡಿ ನೋಡಿಕೊಂಡು, ಆಮೇಲೆ ಎಲ್ಲವನ್ನೂ ಮಾರಿ ಹಿರಿಯರ ಊರಾದ ಜೈಪುರಕ್ಕೆ ಹೊರಟುಹೋದ. ಅಂದಿನಿಂದ ನಾನು ಅವನಿಗೆ ‘ಗುಮಾಸ್ತ’, ಅವನು ನನಗೆ ‘ಸೇಠ’.

“ಬಾರಲೇ ಗುಮಾಸ್ತ, ಒಂದು ಸಂಕ್ರಾಂತಿಗಾದರೂ ಬಾ. ಎಪ್ಪತ್ತು ದಾಟಿದ ಮೇಲೆ ಮುಂದಿನ ವರ್ಷ ಬರ್ತೀನಿ ಅನ್ನಬಾರದು” ಎಂದು ಹೋದ ದೀಪಾವಳಿಗೆ ಫೋನಿನಲ್ಲಿ ಬೈದ. ನನ್ನ ಹೆಂಡತಿ ಆ ದಿನವೇ ಕೊಬ್ಬರಿ ತರಿಸಿ ಹೆಚ್ಚಲು ಕುಳಿತಳು. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಶೇಂಗಾ ಇಲ್ಲದೆ ನಾವು ಸಂಕ್ರಾಂತಿಗೆ ಯಾರ ಮನೆಗೂ ಹೋಗುವವರಲ್ಲ. ಆರನೇ ತರಗತಿಯ ಮೊಮ್ಮಗಳು ಒಂದು ನೋಟ್‌ಬುಕ್ ಕೊಟ್ಟು, “ಅಜ್ಜಾ, ನೀನು ನೋಡಿದ್ದನ್ನೆಲ್ಲ ಇದರಲ್ಲಿ ಬರೆದುಕೊಂಡು ಬರಬೇಕು. ಬರೀ ಚೆನ್ನಾಗಿತ್ತು ಅಂತ ಬರೆದರೆ ನಡೆಯೋದಿಲ್ಲ” ಎಂದು ತಾಕೀತು ಮಾಡಿದಳು. ಈ ಬರಹ ಆ ನೋಟ್‌ಬುಕ್ಕಿನಿಂದಲೇ ಬಂದದ್ದು.

ಅಜ್ಮೇರ್‌ಗೆ ಹೋಗುವ ರೈಲಿನಲ್ಲಿ ಒಂದೂವರೆ ದಿನಕ್ಕೂ ಮೇಲೆ ಕುಳಿತು, ಮಲಗಿ, ಮತ್ತೆ ಕುಳಿತು ಹೋದೆವು. ಅಜ್ಮೇರ್‌ನಿಂದ ಜೈಪುರ ಇನ್ನೊಂದು ನೂರಮೂವತ್ತೈದು ಕಿಲೋಮೀಟರ್. ಜನವರಿ 10ರ ಸಂಜೆ ಜೈಪುರದಲ್ಲಿ ಇಳಿದಾಗ ಚಳಿಗೆ ಬಾಯಿಂದ ಹೊಗೆ ಬರುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಶಾಲು ಹೊದ್ದು ನಿಂತಿದ್ದ ಸೇಠ ನನ್ನನ್ನು ಅಪ್ಪಿಕೊಂಡು, “ಹೆಂಗಿದೀಯೋ?” ಎಂದ. ನಲವತ್ತು ವರ್ಷದ ಹಿಂದಿನ ದಾವಣಗೆರೆ ಕನ್ನಡ ಅವನ ಬಾಯಲ್ಲಿ ಹಾಗೇ ಇತ್ತು. ನಮ್ಮ ಊರಿನಲ್ಲೇ ಈಗ ಅಂಥ ಕನ್ನಡ ಕೇಳುವುದು ಅಪರೂಪ.

ಮನೆಯಲ್ಲಿ ಅವನು, ಅವನ ಹೆಂಡತಿ, ಸೊಸೆ, ಐದನೇ ತರಗತಿಯ ಮೊಮ್ಮಗ. ಮಗನಿಗೆ ಬೇರೆ ಊರಲ್ಲಿ ಕೆಲಸ. ಚಳಿ ಹೆಚ್ಚಾಗಿದೆಯೆಂದು ಹುಡುಗನ ಶಾಲೆಗೆ ರಜೆ ಕೊಟ್ಟಿದ್ದರು. ನಮ್ಮಲ್ಲಿ ಮಳೆಗೆ ರಜೆ, ಅಲ್ಲಿ ಚಳಿಗೆ ರಜೆ! ರಾತ್ರಿ ಊಟಕ್ಕೆ ಬಿಸಿ ಸಜ್ಜೆ ರೊಟ್ಟಿ, ತುಪ್ಪ, ಬೆಲ್ಲ, ಬೆಳ್ಳುಳ್ಳಿ ಚಟ್ನಿ. ಸಾವಿರಾರು ಮೈಲಿ ಬಂದರೂ ತಟ್ಟೆಯಲ್ಲಿ ಸಜ್ಜೆ ರೊಟ್ಟಿ ಕಂಡು ನನ್ನ ಹೆಂಡತಿ ನಕ್ಕುಬಿಟ್ಟಳು. ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದಳು. ಸೇಠ ಕಣ್ಣು ಮುಚ್ಚಿಕೊಂಡು ಅದರ ವಾಸನೆ ನೋಡಿ, “ಇದು ಮಂಡಿಪೇಟೆ ವಾಸನೆ” ಎಂದ.

ಮರುದಿನ ಬೆಳಿಗ್ಗೆ ಅವನು ಸ್ಕೂಟರ್ ತೆಗೆದ. “ಹಿಂದೆ ಕೂಡು, ಈರುಳ್ಳಿ ಕಚೋರಿ ತರೋಣ.” ಗಲ್ಲಿಯ ತಿರುವಿನಲ್ಲಿ ಎಡಗಡೆಯಿಂದ ಒಂದು ಹಸು ನಿಧಾನವಾಗಿ ರಸ್ತೆಗೆ ಬರುತ್ತಿತ್ತು. ನಾನು ನೋಡಿದೆ, ಅವನೂ ನೋಡಿರುತ್ತಾನೆ ಎಂದುಕೊಂಡೆ. ಸ್ಕೂಟರ್ ನಿಧಾನವಾಗಲೇ ಇಲ್ಲ. “ಲೇ, ಹಸು!” ಎಂದು ಕೂಗಿದೆ. ಬ್ರೇಕ್ ಹಾಕಿದಾಗ ಹಸುವಿನ ಕೊಂಬು ನನ್ನ ಮೊಣಕಾಲಿಗೆ ಒಂದು ಗೇಣು ದೂರದಲ್ಲಿತ್ತು. “ಜೈಪುರದ ಹಸುಗಳಿಗೆ ಟ್ರಾಫಿಕ್ ರೂಲ್ಸ್ ಇಲ್ಲ” ಎಂದು ಅವನು ನಕ್ಕ. ನಾನೂ ನಕ್ಕೆ.

ಅಂದು ಹಳೇ ಊರು ಸುತ್ತಿದೆವು. ಸವಾಯಿ ಜೈಸಿಂಗ್ ಎಂಬ ರಾಜ 1727ರಲ್ಲಿ ಈ ಪಟ್ಟಣಕ್ಕೆ ಅಡಿಗಲ್ಲು ಹಾಕಿಸಿದ. ಬಂಗಾಳ ಮೂಲದ ವಿದ್ಯಾಧರ ಭಟ್ಟಾಚಾರ್ಯ ಎಂಬ ಪಂಡಿತ ಅದರ ನಕ್ಷೆಗೆ ನೆರವಾದ. ಊರು ತಾನಾಗಿ ಬೆಳೆದದ್ದಲ್ಲ. ಮೊದಲು ಗೆರೆ ಹಾಕಿ, ಒಂಬತ್ತು ಚೌಕಗಳನ್ನು ಮಾಡಿ, ಆಮೇಲೆ ಕಟ್ಟಿದ್ದು. ಬೀದಿಗಳು ನಮ್ಮ ಲೆಡ್ಜರಿನ ಗೆರೆಗಳಂತೆ ನೇರವಾಗಿವೆ. ಮುನ್ನೂರು ವರ್ಷದ ಹಿಂದೆ ಆನೆ, ಒಂಟೆ, ಪಲ್ಲಕ್ಕಿಗೆಂದು ಬಿಟ್ಟ ಅಗಲದಲ್ಲಿ ಇಂದು ಬಸ್ಸು, ಇ-ರಿಕ್ಷಾ ಎಲ್ಲವೂ ಓಡುತ್ತವೆ. 1876ರಲ್ಲಿ ಇಂಗ್ಲೆಂಡಿನ ಯುವರಾಜ ಬರುತ್ತಾನೆಂದು ಊರಿಗೆಲ್ಲ ಗುಲಾಬಿ ಬಣ್ಣ ಬಳಿಸಿದರಂತೆ. ಗುಲಾಬಿ ಎನ್ನುತ್ತಾರೆಯೇ ಹೊರತು ಹತ್ತಿರ ಹೋಗಿ ನೋಡಿದರೆ ಅದು ನಮ್ಮ ಕೆಮ್ಮಣ್ಣಿನ ಬಣ್ಣಕ್ಕೇ ಹತ್ತಿರ.

ಹವಾ ಮಹಲಿನ ಮುಂದೆ ನಿಂತು ಎಲ್ಲರಂತೆ ನಾವೂ ಫೋಟೋ ತೆಗೆಸಿಕೊಂಡೆವು. ಸವಾಯಿ ಪ್ರತಾಪಸಿಂಗ್ 1799ರಲ್ಲಿ ಕಟ್ಟಿಸಿದ್ದು. ಐದು ಅಂತಸ್ತು, 953 ಪುಟ್ಟ ಕಿಟಕಿಗಳು. ಅರಮನೆಯ ಹೆಂಗಸರು ಹೊರಗಿನವರಿಗೆ ಕಾಣದಂತೆ ಬೀದಿಯ ಮೆರವಣಿಗೆ ನೋಡಲೆಂದು ಮಾಡಿದ ಜಾಲಂಧ್ರಗಳಿವು. ಒಂದು ತಮಾಷೆ ಗೊತ್ತೇ ಮಕ್ಕಳೇ? ಫೋಟೋಗಳಲ್ಲಿ ನಾವೆಲ್ಲ ನೋಡುವುದು ಅದರ ಹಿಂಭಾಗವನ್ನು. ಬಾಗಿಲು ಇರುವುದು ಆಚೆ ಬದಿಗೆ. ಒಳಗೆ ಮೇಲೆ ಹೋಗಲು ಮೆಟ್ಟಿಲಿನ ಬದಲು ಹೆಚ್ಚಾಗಿ ಇಳಿಜಾರು ದಾರಿಗಳಿವೆ. ನನ್ನ ಮಂಡಿನೋವಿಗೆ ಅದು ದೊಡ್ಡ ಉಪಕಾರವಾಯಿತು.

ಜನವರಿ 12ರಂದು ಜಂತರ್ ಮಂತರ್. ಇದು ಅದೇ ಜೈಸಿಂಗ್ ರಾಜ ಕಟ್ಟಿಸಿದ ಖಗೋಳ ವೀಕ್ಷಣಾಲಯ. 2010ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ದೂರದರ್ಶಕ, ಮಸೂರ ಒಂದೂ ಇಲ್ಲ. ಎಲ್ಲ ಕಲ್ಲು, ಗಾರೆ, ಲೆಕ್ಕ. ಅಲ್ಲಿನ ಸಾಮ್ರಾಟ್ ಯಂತ್ರ ಜಗತ್ತಿನ ಅತಿ ದೊಡ್ಡ ಕಲ್ಲಿನ ನೆರಳು ಗಡಿಯಾರ. ಎತ್ತರ 27 ಮೀಟರ್. ಆಕಾಶಕ್ಕೆ ಒರಗಿಸಿಟ್ಟ ದೊಡ್ಡ ಮೆಟ್ಟಿಲಿನಂತಿರುವ ಗೋಡೆಯ ನೆರಳು ಪಕ್ಕದ ಬಾಗಿದ ಅಳತೆಪಟ್ಟಿಯ ಮೇಲೆ ಬೀಳುತ್ತದೆ. ಹುಡುಗ ನೆರಳಿನ ಅಂಚಿನಲ್ಲಿ ಕಣ್ಣಿಟ್ಟು ಕುಳಿತ. ಅದು ಒಂದು ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ, ಎಂದರೆ ನಿಮಿಷಕ್ಕೆ ನಾಲ್ಕು ಬೆರಳಗಲ. ಕಾಲ ಸರಿಯುವುದನ್ನು ಕಣ್ಣಾರೆ ಕಂಡದ್ದು ನನಗೆ ಅದೇ ಮೊದಲು.

ಆದರೆ ನನ್ನ ಕೈಗಡಿಯಾರದಲ್ಲಿ 11.20 ಆಗಿದ್ದರೆ ನೆರಳು ತೋರಿಸುತ್ತಿದ್ದದ್ದು 10.45. ಮೂವತ್ತೈದು ನಿಮಿಷ ಡಿಫರೆನ್ಸ್! ಬ್ಯಾಂಕಿನಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿವರೆಗೆ ಕೂತು ಹುಡುಕಿದವನು ನಾನು, ಬಿಡುತ್ತೇನೆಯೇ? ಅಲ್ಲಿದ್ದ ಗೈಡ್ ಬಿಡಿಸಿ ಹೇಳಿದ. ನಮ್ಮ ಗಡಿಯಾರ ತೋರಿಸುವುದು ಇಡೀ ದೇಶಕ್ಕೆ ಒಂದೇ ಆದ ಸಮಯ, ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದ್ದು. ಜೈಪುರ ಅದಕ್ಕಿಂತ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ಅಲ್ಲಿಗೆ ಬರುವುದು ಸುಮಾರು 27 ನಿಮಿಷ ತಡ. ಭೂಮಿಯ ಓರೆ ಮತ್ತು ಅದು ಸುತ್ತುವ ದಾರಿಯ ಅಂಡಾಕಾರದಿಂದ ಜನವರಿಯ ಆ ದಿನಗಳಲ್ಲಿ ಇನ್ನೊಂದು ಎಂಟು ನಿಮಿಷ. ಲೆಕ್ಕ ಟ್ಯಾಲಿ ಆಯಿತು.

ರೇಖಾಂಶ ಎಂದ ಕೂಡಲೇ ನನಗೆ ಇನ್ನೊಂದು ಹೊಳೆಯಿತು. ಹುಡುಗನ ಫೋನಿನಲ್ಲಿ ನಕ್ಷೆ ತೆಗೆಸಿ ನೋಡಿದೆ. ಜೈಪುರದಿಂದ ತೆಂಕಣಕ್ಕೆ ನೇರ ಒಂದು ಗೆರೆ ಎಳೆದರೆ ಅದು ದಾವಣಗೆರೆಯ ಹತ್ತಿರವೇ ಹಾಯುತ್ತದೆ! ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಅಂದರೆ ಎರಡೂ ಕಡೆ ಸೂರ್ಯ ನಡುನೆತ್ತಿಗೆ ಬರುವುದು ಒಂದೇ ಹೊತ್ತಿಗೆ, ಒಂದು ನಿಮಿಷವೂ ವ್ಯತ್ಯಾಸವಿಲ್ಲ. “ಲೇ ಸೇಠ, ನೀನು ಇಲ್ಲಿಗೆ ಬಂದು ನಲವತ್ತು ವರ್ಷವಾದರೂ ನಮ್ಮಿಬ್ಬರಿಗೂ ಮಧ್ಯಾಹ್ನ ಒಟ್ಟಿಗೇ ಆಗಿದೆ” ಎಂದೆ. ಅವನಿಗೆ ಅದೆಷ್ಟು ಖುಷಿಯಾಯಿತೆಂದರೆ, ಹೆಂಡತಿಗೆ ಹೇಳಲು ಲಗುಬಗೆಯಿಂದ ಹೊರಟವನು ಪಕ್ಕದಲ್ಲಿದ್ದ ಒಂದು ಚಿಕ್ಕ ಕಟ್ಟೆಯನ್ನು ಎಡವಿ ಬಿದ್ದ. ಅಂಗೈ ತರಚಿತು. “ಹಾಳು ಚಾಳೀಸು, ಬದಲಾಯಿಸಬೇಕು” ಎಂದು ಕನ್ನಡಕವನ್ನು ಬೈದ.

ಪಕ್ಕದ ಅರಮನೆಯಲ್ಲಿ ಎರಡು ಬೆಳ್ಳಿ ಹಂಡೆಗಳನ್ನು ನೋಡಿದೆವು. ಒಂದೊಂದೂ ಐದಡಿಗಿಂತ ಎತ್ತರ, 345 ಕಿಲೋ ತೂಕ. 1902ರಲ್ಲಿ ಮಾಧೋಸಿಂಗ್ ಮಹಾರಾಜ ಇಂಗ್ಲೆಂಡಿಗೆ ಪಟ್ಟಾಭಿಷೇಕಕ್ಕೆ ಹೋದಾಗ ಕುಡಿಯಲು ಇಂಥವುಗಳಲ್ಲಿ ಗಂಗಾಜಲ ಕೊಂಡೊಯ್ದಿದ್ದನಂತೆ. ಅರಮನೆಯ ಮೇಲೆ ಒಂದು ಪೂರ್ಣ ಬಾವುಟ, ಅದರ ಮೇಲೆ ಒಂದು ಕಾಲು ಬಾವುಟ. ಸವಾಯಿ ಎಂದರೆ ಒಂದೂಕಾಲು. ಆ ರಾಜರು ಬೇರೆಯವರಿಗಿಂತ ಕಾಲು ಪಾಲು ಹೆಚ್ಚು ಎಂದು ಅದರರ್ಥ. ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರೂ ನನ್ನ ಮನಸ್ಸು ಆ ಕಟ್ಟೆಯಲ್ಲೇ ಇತ್ತು.

ರಾತ್ರಿ ಊಟಕ್ಕೆ ಕೂತಾಗ ಸೇಠನ ಎಡಗೈ ತಾಗಿ ನೀರಿನ ಲೋಟ ಉರುಳಿತು. “ದಾದೂ ದಿನಾ ಹೀಗೇ ಚೆಲ್ಲುತ್ತಾರೆ” ಎಂದು ಹುಡುಗ ನಕ್ಕ. ಹಸು ಎಡಗಡೆ. ಕಟ್ಟೆ ಎಡಗಡೆ. ಲೋಟವೂ ಎಡಗಡೆ. ಬ್ಯಾಂಕಿನಲ್ಲಿ ಒಬ್ಬ ಬರೆದ ಲೆಡ್ಜರನ್ನು ಇನ್ನೊಬ್ಬ ನೋಡಿ ಕೆಂಪು ಶಾಯಿಯಲ್ಲಿ ಟಿಕ್ ಹಾಕಬೇಕಿತ್ತು. ಬರೆದವನಿಗೆ ತನ್ನ ತಪ್ಪು ಕಾಣುವುದಿಲ್ಲ, ಅದಕ್ಕೇ ಆ ಪದ್ಧತಿ. ನನಗೆ ತಪ್ಪು ಕಂಡಿತ್ತು. ಆದರೆ ಹೇಳುವುದು ಹೇಗೆ? ಅನ್ನ ಹಾಕುತ್ತಿರುವ ಮನೆ, ಐವತ್ತು ವರ್ಷದ ಸ್ನೇಹ. “ನಿನಗೆ ಕಣ್ಣು ಕಾಣೋದಿಲ್ಲ, ಸ್ಕೂಟರ್ ಬಿಡು” ಎಂದರೆ ಅವನಿಗೆ ಹೇಗಾದೀತು? ಮರುದಿನ ಆಮೇರ್ ಕೋಟೆಗೆ ಹೋದೆವು. ಶೀಶ್ ಮಹಲಿನ ಕನ್ನಡಿ ಚೂರುಗಳು ನಕ್ಷತ್ರಗಳಂತೆ ಹೊಳೆಯುತ್ತಿದ್ದವು. ನಾನು ಸುಮ್ಮನೆ ಅವನ ಎಡಗಡೆ ನಡೆಯುತ್ತಿದ್ದೆ. ಬಾಯಿ ಬಿಡಲಿಲ್ಲ.

14ರಂದು ಸಂಕ್ರಾಂತಿ. ಮಕ್ಕಳೇ, ಜೈಪುರದ ಸಂಕ್ರಾಂತಿ ಮನೆಯೊಳಗೆ ಆಗುವ ಹಬ್ಬವಲ್ಲ, ಮಾಳಿಗೆಯ ಮೇಲಿನ ಹಬ್ಬ. ಇಡೀ ಊರೇ ತಾರಸಿ ಹತ್ತಿರುತ್ತದೆ. ತಲೆಯೆತ್ತಿದರೆ ಬಣ್ಣಬಣ್ಣದ ಗಾಳಿಪಟಗಳು, ಕೆಳಗೆ ಧ್ವನಿವರ್ಧಕಗಳ ಹಾಡು. ಒಬ್ಬರ ಪಟ ಇನ್ನೊಬ್ಬರ ದಾರವನ್ನು ಕತ್ತರಿಸಿದರೆ ಸುತ್ತಲಿನ ತಾರಸಿಗಳಿಂದೆಲ್ಲ “ವೋ ಕಾಟಾ!” ಎಂಬ ಕೂಗು. ತಿನ್ನಲು ಎಳ್ಳುಂಡೆ, ಗಜಕ್, ಶಾವಿಗೆಯ ಗೂಡಿನಂತಿರುವ ಫೀಣಿ. ನನ್ನ ಹೆಂಡತಿ ಅಕ್ಕಪಕ್ಕದ ತಾರಸಿಯವರಿಗೆಲ್ಲ ಎಳ್ಳು ಬೆಲ್ಲ ಹಂಚಿದಳು. “ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು” ಎಂಬುದನ್ನು ಸೇಠನೇ ಅವರಿಗೆ ಹಿಂದಿಯಲ್ಲಿ ವಿವರಿಸಿದ.

ಸೇಠ ಪಟ ಹಾರಿಸುವುದನ್ನು ನೋಡಬೇಕಿತ್ತು. ನಾನು ದಾರದ ಚರಕಿ ಹಿಡಿದುಕೊಂಡಿದ್ದೆ. ಅವನು ಪಟದ ಕಡೆ ಹೆಚ್ಚು ನೋಡುತ್ತಲೇ ಇರಲಿಲ್ಲ, ಬೆರಳಿಗೆ ತಾಗುವ ದಾರದ ಸೆಳೆತದಲ್ಲೇ ಎಲ್ಲ ತಿಳಿದುಕೊಳ್ಳುತ್ತಿದ್ದ. “ಬಿಡು, ಬಿಡು, ಈಗ ಹಿಡಿ” ಎನ್ನುತ್ತಲೇ ಮೂರು ಪಟ ಕತ್ತರಿಸಿದ. ಎಪ್ಪತ್ತನಾಲ್ಕರ ಇಬ್ಬರು ಮುದುಕರು ಗಂಟಲು ಹರಿಯುವಂತೆ ಕೂಗಿದೆವು.

ಹಕ್ಕಿಗಳು ಗೂಡು ಬಿಡುವ, ಗೂಡು ಸೇರುವ ಹೊತ್ತು ತಪ್ಪಲೆಂದು ಅಲ್ಲಿ ಬೆಳಿಗ್ಗೆ 6ರಿಂದ 8, ಸಂಜೆ 5ರಿಂದ 7ರವರೆಗೆ ಪಟ ಹಾರಿಸಬಾರದೆಂಬ ಆಜ್ಞೆ ಇದೆ. ನಾವು ಐದಕ್ಕೆ ದಾರ ಸುತ್ತತೊಡಗಿದ್ದೆವು. ಅಷ್ಟರಲ್ಲಿ ತಾರಸಿಯ ಮೂಲೆಗೆ ದೊಪ್ಪನೆ ಏನೋ ಬಿತ್ತು. ಪಾರಿವಾಳ. ರೆಕ್ಕೆಗೆ ಮಾಂಜಾ ದಾರ ಸುತ್ತಿಕೊಂಡು ರಕ್ತ ಸುರಿಯುತ್ತಿತ್ತು. ಮಾಂಜಾ ಎಂದರೆ ಗಾಜಿನ ಪುಡಿ ಹಚ್ಚಿದ ದಾರ. ನೈಲಾನಿನ ಮಾಂಜಾವನ್ನಂತೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ನಿಷೇಧಿಸಿದೆ. ನಮ್ಮ ಚರಕಿಯಲ್ಲಿದ್ದದ್ದು ಹತ್ತಿಯ ದಾರವೇ, ಆದರೆ ಅದಕ್ಕೂ ಗಾಜು ಹಚ್ಚಿತ್ತು. ಹಕ್ಕಿಗೆ ತಾಗಿದ್ದು ಯಾರ ದಾರವೋ ತಿಳಿಯದು. ನಮ್ಮದೇ ಇದ್ದೀತು. ಹುಡುಗ ಅಳತೊಡಗಿದ. ಸೊಸೆ ಒಂದು ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಬಟ್ಟೆ ಹಾಸಿ, ಹಕ್ಕಿಯನ್ನು ಅದರಲ್ಲಿಟ್ಟಳು. ನಾನು ನೀರು ಕುಡಿಸಲು ಹೋದೆ. “ಬೇಡ, ಬಾಯಿಗೆ ನೀರು ಹಾಕಬಾರದು, ಉಸಿರುಗಟ್ಟುತ್ತದೆ. ಕತ್ತಲಲ್ಲಿ ಸುಮ್ಮನೆ ಇರಲಿ” ಎಂದಳು. ಹಬ್ಬದ ದಿನಗಳಲ್ಲಿ ಗಾಯಗೊಂಡ ಹಕ್ಕಿಗಳಿಗೆಂದೇ ಊರಲ್ಲಿ ಅಲ್ಲಲ್ಲಿ ಶಿಬಿರಗಳಿರುತ್ತವೆ.

ಸೇಠ ಗೂಟದಿಂದ ಸ್ಕೂಟರ್ ಕೀ ತೆಗೆದ. “ಬಾರೋ ಪುಟ್ಟಾ, ಪೆಟ್ಟಿಗೆ ಹಿಡಿದು ಹಿಂದೆ ಕೂಡು.”

ಹೊರಗೆ ಮಬ್ಬುಗತ್ತಲು. ಬೀದಿ ತುಂಬ ಕಿತ್ತ ಪಟದ ಹಿಂದೆ ಓಡುವ ಮಕ್ಕಳು. ನಾನು ಬಾಗಿಲಿಗೆ ಅಡ್ಡ ನಿಂತೆ. “ಸೇಠ, ಕೀ ಇಲ್ಲಿ ಕೊಡು.”

“ಯಾಕಲೇ?”

“ನಿನಗೆ ಎಡಗಡೆ ಕಾಣೋದಿಲ್ಲ. ನಾಲ್ಕು ದಿನದಿಂದ ನೋಡ್ತಿದೀನಿ.”

ಕನ್ನಡದಲ್ಲಿ ಹೇಳಿದ್ದರಿಂದ ಅವನ ಮನೆಯವರಿಗೆ ಅರ್ಥವಾಗಲಿಲ್ಲ, ಅವನಿಗೆ ಆಯಿತು. ಅವನ ಮುಖ ಕೆಂಪಾಯಿತು. “ಮನೆಗೆ ಬಂದವನು ಮನೆಯವನ ಹಾಗೆ ಇರಬೇಕು, ಯಜಮಾನನ ಹಾಗಲ್ಲ” ಎಂದ. ಆ ಮಾತು ಚುಚ್ಚಿತು. ನಾನು ಕದಲಲಿಲ್ಲ. “ಬೈಯಿ. ಆದರೆ ಹುಡುಗನ್ನ ಹಿಂದೆ ಕೂರಿಸ್ಕೊಂಡು ಹೋಗಬೇಡ.” ಅವನು ಹುಡುಗನ ಕಡೆ ನೋಡಿದ. ಒಂದು ಗಳಿಗೆ ಸುಮ್ಮನಿದ್ದು ಕೀಯನ್ನು ನನ್ನ ಅಂಗೈಗೆ ಹಾಕಿದ.

ಆಟೋದಲ್ಲಿ ಹೋದೆವು. ಪೆಟ್ಟಿಗೆ ಹುಡುಗನ ತೊಡೆಯ ಮೇಲಿತ್ತು. ಅರ್ಧ ದಾರಿ ಯಾರೂ ಮಾತಾಡಲಿಲ್ಲ. ಆಮೇಲೆ ಸೇಠ ಮೆಲ್ಲಗೆ ಹೇಳಿದ: ಎರಡು ವರ್ಷದ ಹಿಂದೆಯೇ ಡಾಕ್ಟರು ಗ್ಲಾಕೋಮಾ ಎಂದಿದ್ದರಂತೆ. ದಿನಾ ಹಾಕಿಕೊಳ್ಳಲು ಡ್ರಾಪ್ಸ್ ಕೊಟ್ಟಿದ್ದರು. ನೋವಿಲ್ಲ, ಪೇಪರ್ ಓದಲು ಬರುತ್ತದೆ, ಇನ್ನೇಕೆ ಎಂದು ಆರು ತಿಂಗಳಲ್ಲಿ ಬಿಟ್ಟುಬಿಟ್ಟ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಶಿಬಿರದಲ್ಲಿ ಮೇಜಿನ ತುಂಬ ಪೆಟ್ಟಿಗೆಗಳು. ಕಾಲೇಜು ಹುಡುಗರು ಓಡಾಡುತ್ತಿದ್ದರು. ಒಬ್ಬ ವೈದ್ಯೆ ದಾರ ಬಿಡಿಸಿ, ರೆಕ್ಕೆಗೆ ಹೊಲಿಗೆ ಹಾಕಿದರು. ಹಾರುತ್ತದೆಯೇ ಎಂದು ಹುಡುಗ ಕೇಳಿದ. “ಈಗಲೇ ಹೇಳಲಾಗದು, ಬೇಗ ತಂದಿರಿ, ಅದೇ ಒಳ್ಳೆಯದಾಯಿತು” ಎಂದರು. ಸೇಠ ಆ ಮಾತು ಕೇಳಿ ನನ್ನ ಕಡೆ ತಿರುಗಿದ. ಏನೂ ಹೇಳಲಿಲ್ಲ.

ಮರುದಿನ ಅವನೇ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದ. ಒಂದು ಯಂತ್ರದೊಳಗೆ ಮುಖವಿಟ್ಟು, ನಡುವಿನ ಬೆಳಕನ್ನೇ ನೋಡುತ್ತ, ಸುತ್ತ ಚುಕ್ಕೆ ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕು. ಎಡಗಡೆ ಮಿನುಗಿದ ಎಷ್ಟೋ ಚುಕ್ಕೆಗಳಿಗೆ ಅವನು ಒತ್ತಲೇ ಇಲ್ಲ. ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಸಾಮಾನ್ಯವಾಗಿ ಕಣ್ಣೊಳಗಿನ ಒತ್ತಡ ಹೆಚ್ಚಿ ನರ ಮೆಲ್ಲಮೆಲ್ಲಗೆ ಹಾಳಾಗುತ್ತದೆ. ಮೊದಲು ಹೋಗುವುದು ಅಂಚಿನ ನೋಟ, ಆದ್ದರಿಂದ ಎಷ್ಟೋ ದಿನ ಗೊತ್ತೇ ಆಗುವುದಿಲ್ಲ. ಹೋದ ನೋಟ ಮರಳಿ ಬರುವುದಿಲ್ಲ. ಆದರೆ ದಿನಾ ತಪ್ಪದೆ ಡ್ರಾಪ್ಸ್ ಹಾಕಿಕೊಂಡರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು. ಸ್ಕೂಟರ್ ಬೇಡವೇ ಬೇಡ. ಮನೆಯಲ್ಲಿ ಒಬ್ಬರಿಗಿದ್ದರೆ ಅಣ್ಣತಮ್ಮಂದಿರು, ಮಕ್ಕಳು ಕೂಡ ಪರೀಕ್ಷೆ ಮಾಡಿಸಬೇಕು.

ಹೊರಗೆ ಬಂದು ಇಬ್ಬರೂ ಮಣ್ಣಿನ ಕುಡಿಕೆಯಲ್ಲಿ ಲಸ್ಸಿ ಕುಡಿದೆವು. “ಎರಡು ವರ್ಷ ಡ್ರಾಪ್ಸ್ ಹಾಕಿದ್ದರೆ ಎಷ್ಟು ಉಳೀತಿತ್ತೋ” ಎಂದ. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನೇ ಅಂದ, “ಮೂರು ಪಟ ಕತ್ತರಿಸಿದೆನಲ್ಲ, ಅದಕ್ಕೆ ಯಾವ ಡಾಕ್ಟರೂ ಬೇಡ ಅನ್ನೋದಿಲ್ಲ.”

ಮನೆಗೆ ಬಂದಾಗ ಹುಡುಗ ಮಾಂಜಾ ದಾರವನ್ನೆಲ್ಲ ಕತ್ತರಿಸಿ, ಕಾಗದದಲ್ಲಿ ಸುತ್ತಿ, ಕಸಕ್ಕೆ ಹಾಕಿ, ಚರಕಿಗೆ ‘ಸದ್ದಾ’ ಎನ್ನುವ ಗಾಜಿಲ್ಲದ ಬರಿಯ ದಾರ ಸುತ್ತುತ್ತಿದ್ದ. ಅದರಲ್ಲಿ ಪಟ ಕತ್ತರಿಸಲಾಗದು, ಹಾರಿಸಬಹುದು. ಶಿಬಿರಕ್ಕೆ ಫೋನ್ ಮಾಡಿದಾಗ ಪಾರಿವಾಳ ಕಾಳು ತಿನ್ನುತ್ತಿದೆ ಎಂದರಂತೆ. ಸೇಠ ಅಂದೇ ಸಂಜೆ ಸೊಸೆಗೆ ಎಲ್ಲವನ್ನೂ ಹೇಳಿ ಸ್ಕೂಟರ್ ಕೀ ಅವಳ ಕೈಗೆ ಕೊಟ್ಟ.

17ರಂದು ನಾವು ಹೊರಟೆವು. ಸ್ಟೇಷನ್ನಿಗೆ ಆಟೋದಲ್ಲೇ ಬಂದ. ಪ್ಲಾಟ್‌ಫಾರ್ಮಿನಲ್ಲಿ ಹುಡುಗ ತಾನಾಗಿಯೇ ಅಜ್ಜನ ಎಡಗಡೆಗೆ ಬಂದು ಕೈ ಹಿಡಿದುಕೊಂಡದ್ದನ್ನು ನೋಡಿದೆ. ರೈಲು ಹೊರಡುವಾಗ ಸೇಠ ಕಿಟಕಿಯ ಬಳಿ ಬಂದು, “ಎಳ್ಳು ಬೆಲ್ಲ ತಿನ್ನಿಸಿ ಒಳ್ಳೆ ಮಾತು ಹೇಳಿದೆ ಕಣಲೇ” ಎಂದ.

ಊರಿಗೆ ಬಂದ ಮೇಲೆ ನಾನೂ ನನ್ನ ಹೆಂಡತಿಯೂ ಕಣ್ಣು ತೋರಿಸಿಕೊಂಡೆವು. ನನಗೆ ಏನೂ ಇಲ್ಲ, ಅವಳಿಗೆ ಪೊರೆಯ ಆರಂಭ. ಮೊಮ್ಮಗಳು ನೋಟ್‌ಬುಕ್ ಓದಿ, ಅಂಗಳದಲ್ಲಿ ಒಂದು ಕೋಲು ನೆಟ್ಟಳು. ಅದರ ನೆರಳು ಅತಿ ಚಿಕ್ಕದಾಗುವುದು ಈ ದಿನಗಳಲ್ಲಿ ಹನ್ನೆರಡೂವರೆ ದಾಟಿದ ಮೇಲೆ. ಆ ಹೊತ್ತಿಗೆ ನಾನು ಜೈಪುರಕ್ಕೆ ಫೋನ್ ಮಾಡುತ್ತೇನೆ. “ಇಲ್ಲಿ ಮಧ್ಯಾಹ್ನ ಆಯಿತು, ಅಲ್ಲಿ?” ಎನ್ನುತ್ತೇನೆ. “ಇಲ್ಲೂ ಆಯಿತು. ಬೆಳಿಗ್ಗೆಯ ಡ್ರಾಪ್ಸ್ ಹಾಕಿದೀನಿ, ಟಿಕ್ ಹಾಕ್ಕೋ ಗುಮಾಸ್ತ” ಎನ್ನುತ್ತಾನೆ ಸೇಠ. ನಾನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಆ ದಿನದ ತಾರೀಖಿನ ಮುಂದೆ ಕೆಂಪು ಪೆನ್ನಿನಿಂದ ಟಿಕ್ ಹಾಕುತ್ತೇನೆ.